ನಾಳೆ ಟೈಲರನ ವಂಶದ ಮರೆವು

ಸಂಜೆ ಶಾಲೆಯ ವಾರ್ಷಿಕೋತ್ಸವ. ಹೆಡ್‌ಮಾಸ್ಟರು ಬೆಳಿಗ್ಗೆಯೇ ಕೋಟು ಒಯ್ಯಲು ಬಂದರೆ ಅಂಗಡಿಯಲ್ಲಿ ಕೋಟೂ ಇಲ್ಲ, ಅವರು ಕೊಟ್ಟಿದ್ದ ಬಟ್ಟೆಯೂ ಇಲ್ಲ. ಯಾವಾಗ ಕೇಳಿದರೂ ‘ನಾಳೆ’ ಎನ್ನುವುದರಿಂದ ಬೀದಿಗೆಲ್ಲ ‘ನಾಳೆ ಟೈಲರ್’ ಎಂದೇ ಹೆಸರಾಗಿದ್ದ ಆಸಾಮಿ ತಲೆ ಕೆರೆದುಕೊಂಡ.

“ಎಲ್ಲಿಟ್ಟೆನೋ ಮರೆತೇಹೋಯ್ತು ಸಾರ್. ನನ್ನ ತಪ್ಪಲ್ಲ, ವಂಶದ ದೋಷ. ನಮ್ಮಪ್ಪನ್ನೇ ನೋಡಿ.”

ಅಪ್ಪ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಒಂದು ಕಾಲಕ್ಕೆ ಹೆಸರುವಾಸಿ ದರ್ಜಿ. ಈಗ ಮೂರು ವರ್ಷದಿಂದ, ಗುಂಡಿಗೆ ಕಾಜಾ ಹೊಲಿಯಿರಿ ಎಂದರೆ ಸಾಕು, “ಯಾರಪ್ಪಾ ನೀನು?” ಎನ್ನುತ್ತಿದ್ದರು.

“ಕತೆ ಬೇಡ,” ಎಂದರು ಹೆಡ್‌ಮಾಸ್ಟರು. “ರುಜುವಾತು ತೋರಿಸು. ಇಲ್ದಿದ್ರೆ ನಮ್ಮ ಶಾಲೆ ಯೂನಿಫಾರಂ ಇವತ್ತಿಂದ ನಿನ್ನ ಕೈಗಿಲ್ಲ.”

ಟೈಲರನ ಮನೆಯ ಒಲೆ ಉರಿಯುತ್ತಿದ್ದುದೇ ಆ ಯೂನಿಫಾರಂಗಳಿಂದ. ಪುಣ್ಯಕ್ಕೆ ಹೋದ ತಿಂಗಳು ಎದುರಿನ ಲ್ಯಾಬಿನ ಅಕ್ಕ ಈ ಮರೆವಿನ ಕಾರಣ ತಿಳಿಯಲು ಜೀನ್ ಪರೀಕ್ಷೆಗೆಂದು ಅಪ್ಪ, ಮಗ ಇಬ್ಬರ ಎಂಜಲನ್ನೂ ಕೊಳವೆಯಲ್ಲಿ ಹಿಡಿದುಕೊಂಡು ಹೋಗಿದ್ದಳು. ಅವಳನ್ನು ಕೂಗಿ ಕರೆದ. ಹಿಂದೆಯೇ ಇಸ್ತ್ರಿಯವಳು, ಕ್ಷೌರದವನು, ಅರ್ಧ ಕ್ಷೌರವಾಗಿದ್ದ ಗಿರಾಕಿ, ಎಲ್ಲರೂ ನುಗ್ಗಿದರು.

ಅಕ್ಕ ವರದಿ ಬಿಚ್ಚಿದಳು. ಕೆಟ್ಟ ಸುದ್ದಿಯೇ ಬರಲಪ್ಪಾ ಎಂದು ಟೈಲರ್ ಕಣ್ಮುಚ್ಚಿ ಕೈಮುಗಿದ.

“ಮುಪ್ಪಲ್ಲಿ ಮರೆವು ಹೆಚ್ಚಿಸೋ ಜೀನ್ ಇಬ್ರಲ್ಲೂ ಸಿಕ್ಕಿಲ್ಲ. ಬುದ್ಧಿ ಚುರುಕಿಗೆ ಅನುಕೂಲ ಆಗೋವು ಮಾತ್ರ ಬೇಕಾದಷ್ಟಿವೆ. ಅದ್ರಲ್ಲೂ ಅಜ್ಜನಿಗೆ.”

“ಅಕ್ಕಾ, ಜೀನ್ ಚೆನ್ನಾಗಿದ್ರೂ ಮರೆವು ಬರಬಹುದು, ಅಲ್ವಾ?” ಟೈಲರ್ ಗೋಗರೆದ.

“ಬರಬಹುದು ಅಣ್ಣ. ಜೀನ್ ಏನು ಹಣೆಬರಹ ಅಲ್ಲ.”

“ಕೇಳಿದ್ರಾ ಸಾರ್? ನಮಗೆ ಬಂದಿರೋದು ಹಾಗೇ.” ಟೈಲರನಿಗೆ ಹೋದ ಜೀವ ಬಂದಂತಾಯಿತು.

“ಈ ಅಜ್ಜನ ತಲೆ ಚುರುಕಂತೆ,” ಕ್ಷೌರದವನು ನಕ್ಕ. “ಲ್ಯಾಬಿನ ಯಂತ್ರಕ್ಕೇ ಮರೆವು ಬಂದಿರಬೇಕು.”

“ಎದೆ ನಲವತ್ತು, ತೋಳು ಇಪ್ಪತ್ನಾಲ್ಕು.”

ಎಲ್ಲರೂ ತಿರುಗಿದರು. ಅಪ್ಪ ಎದ್ದು ನಿಂತಿದ್ದರು. ಅವಮಾನ ತಡೆಯದೆ ಮುಖ ಕೆಂಪೇರಿತ್ತು.

“ಮೇಷ್ಟ್ರ ಅಳತೆ ಅದು. ನನಗೆಲ್ಲಿಯ ಮರೆವು? ಕಾಜಾ ಹೊಲಿದು ಹೊಲಿದು ಬೇಜಾರಾಗಿತ್ತು, ಅಷ್ಟೇ. ಬಟ್ಟೆ ನೀಲಿ. ಹೋದ ಸೋಮವಾರ ಊಟ ಆದ್ಮೇಲೆ ಇವನೇ ಕತ್ತರಿಸಿ ಬಾಮೈದನಿಗೆ ಕೋಟು ಹೊಲ್ಕೊಟ್ಟ.”

ಟೈಲರ್ ಭೂಮಿಗಿಳಿದುಹೋದ. ಹೆಡ್‌ಮಾಸ್ಟರು ಅವನತ್ತ ತಿರುಗಿಯೂ ನೋಡಲಿಲ್ಲ.

“ಯಜಮಾನ್ರೇ, ಇನ್ಮೇಲೆ ಯೂನಿಫಾರಂ ಉಸ್ತುವಾರಿ ನಿಮ್ಮದು. ಆದ್ರೆ ನಾನೂರು ಅಂಗಿಗೂ ಕಾಜಾ ಯಾರು ಹೊಲೀತಾರೆ?”

ಅಪ್ಪ ಸೂಜಿಗೆ ದಾರ ಪೋಣಿಸಿ ಮಗನ ಕೈಗಿತ್ತರು.

“ಇವನಿದ್ದಾನಲ್ಲ. ಇವನಿಗೂ ಮರೆವಿಲ್ವಂತೆ, ಆ ತಾಯಿ ಈಗ್ತಾನೇ ಹೇಳಿದ್ಳು.”