ತಿಂದದ್ದೆಷ್ಟು, ಬಿಟ್ಟದ್ದೆಷ್ಟು

ನನ್ನ ತಮ್ಮನ ಎದುರು ಸಿಹಿ ತಿನ್ನಬೇಡಿ. ತಿನ್ನಲೇಬೇಕಾಗಿ ಬಂದರೆ ಪೂರ್ತಿ ತಿಂದು ಮುಗಿಸಿ. ಅರ್ಧ ತಿಂದು ತಟ್ಟೆ ಕೆಳಗಿಟ್ಟಿರೋ, ಕೆಟ್ಟಿರಿ! ಕನ್ನಡಕವನ್ನು ಹಣೆಗೇರಿಸಿ, ತಟ್ಟೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ನೀವು ಕಚ್ಚಿದ ಜಾಗವನ್ನು ಪೊಲೀಸರು ಕನ್ನ ಕೊರೆದ ಗೋಡೆಯನ್ನು ನೋಡುವಂತೆ ನೋಡುತ್ತಾನೆ. ಆಮೇಲೆ ತೀರ್ಪು ಬರುತ್ತದೆ: "ನೂರಾ ಹತ್ತು. ಹೆಚ್ಚೂಕಡಿಮೆ." ನೂರಾ ಹತ್ತು ಏನು? ಕ್ಯಾಲೊರಿ! ನೀವು ಕೇಳಿದ್ದಿರಾ? ಇಲ್ಲ. ಕೇಳುವವರೆಗೆ ಕಾಯುವವನೇ ಅವನು?

ಮೊದಲು ಹೀಗಿರಲಿಲ್ಲ. ಭದ್ರಾವತಿಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಅದಿರು ಪರೀಕ್ಷೆ ಮಾಡಿ ನಿವೃತ್ತನಾದವನು. ಅಲ್ಲಿನ ನ್ಯೂಟೌನಿನಲ್ಲಿ ಹೆಂಡತಿಯೊಡನೆ ತಣ್ಣಗಿದ್ದ. ಹೋದ ವರ್ಷ ಅವಳಿಗೆ ಕರುಳಿನ ಆಪರೇಷನ್ ಆಯಿತು. ಇನ್ನೊಂದು ಬಾಕಿಯಿದೆ. ಅವಳೋ ಹಂಚಿಕಡ್ಡಿಯಂತಾಗಿದ್ದಾಳೆ. ತೂಕ ಏರದೆ ಎರಡನೆಯದಕ್ಕೆ ಕೈ ಹಾಕುವಂತಿಲ್ಲ, ಹಾಗಂತ ಬಹಳ ದಿನ ತಡಮಾಡುವಂತೆಯೂ ಇಲ್ಲ ಎಂದು ಶಿವಮೊಗ್ಗದ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಹೇಳಿ, ತಲೆಯೆತ್ತಿ, ನನ್ನ ತಮ್ಮನ ಹೊಟ್ಟೆ ನೋಡಿ, "ನೀವು ಮಾತ್ರ ಇಳಿಸ್ಬೇಕು" ಎಂದರು. ಸಕ್ಕರೆ ಕಾಯಿಲೆ ಅವನ ಹೊಸ್ತಿಲಿಗೆ ಬಂದು ನಿಂತಿತ್ತು.

ಅಲ್ಲಿಂದ ಶುರು. ಮೊಬೈಲಿಗೆ ಒಂದು ಆ್ಯಪ್ ಬಂತು. ಅದರಲ್ಲಿ ಗಂಡನದೊಂದು ಖಾತೆ, ಹೆಂಡತಿಯದೊಂದು. ಅವಳದು ಏರಬೇಕು, ಇವನದು ಇಳಿಯಬೇಕು. ಆದರೆ ತಟ್ಟೆ ಒಂದೇ! ಅವಳ ನಾಲಿಗೆ ಅನ್ನ ಸಾರನ್ನು ಒಲ್ಲೆ ಅನ್ನುತ್ತಿತ್ತು. ಸಿಹಿಯಾದರೆ ನಾಲ್ಕು ತುತ್ತು ಇಳಿಯುತ್ತಿತ್ತು, ಆಮೇಲೆ ಸಾಕು. ಉಳಿದದ್ದನ್ನು ಎಸೆಯಬಹುದಲ್ಲ ಎನ್ನುತ್ತೀರಿ. ನಾವಿಬ್ಬರೂ ಹಾಸ್ಟೆಲಿನಲ್ಲಿ ಬೆಳೆದವರು. ಗಂಟೆ ಹೊಡೆದರೆ ಊಟ, ಗಂಟೆ ಹೊಡೆದರೆ ಕೈತೊಳೆ, ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೆ ವಾರ್ಡನ್ನರ ಬೆತ್ತ. ಆ ಬೆತ್ತದ ಹೆದರಿಕೆ ಎಪ್ಪತ್ತು ದಾಟಿದ ಮೇಲೂ ಹೋಗುವುದಿಲ್ಲ. ಹಾಗಾಗಿ ಅವಳು ಬಿಟ್ಟದ್ದೆಲ್ಲ ಇವನ ಹೊಟ್ಟೆಗೆ. ಒಂದೊಂದು ಬರ್ಫಿಗೂ ತಿಂದದ್ದೆಷ್ಟು, ಬಿಟ್ಟದ್ದೆಷ್ಟು ಎಂಬ ವಿಚಾರಣೆ.

ಈ ವಿಚಾರಣೆಗೆ ಅವನು ಬಳಸಿದ್ದು ಲ್ಯಾಬಿನ ವಿದ್ಯೆಯನ್ನು. ಒಂದು ಲಾರಿ ಅದಿರಿನ ಗುಣ ತಿಳಿಯಬೇಕಾದರೆ ಇಡೀ ಲಾರಿಯನ್ನು ಪರೀಕ್ಷಿಸುತ್ತಾರೆಯೇ? ಅಲ್ಲಲ್ಲಿ ಒಂದಿಷ್ಟು ತೆಗೆದು ಗುಡ್ಡೆ ಹಾಕಿ, ತಟ್ಟಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಮತ್ತೆ ಗುಡ್ಡೆ, ಮತ್ತೆ ನಾಲ್ಕು ಪಾಲು. ಕೊನೆಗೆ ಉಳಿದ ಚಿಟಿಕೆಯೇ ಇಡೀ ಲಾರಿಯ ಜಾತಕ ಹೇಳುತ್ತದೆ. ಒಂದು ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಇವನು ಚಮಚದ ಹಿಂಬದಿಯಿಂದ ಕೇಸರಿಬಾತನ್ನು ತಟ್ಟುತ್ತಿದ್ದ.

"ಏನೋ ಇದು? ತಿನ್ನೋದನ್ನ ಸಿಮೆಂಟ್ ಥರ ಬಳೀತಿದೀಯಲ್ಲ!"

"ಸ್ಯಾಂಪಲ್ ಅಣ್ಣ. ಸರಿಯಾಗಿ ಕಲಸಿದ್ರೆ ಯಾವ ಮೂಲೇಲಿ ತೆಗೆದ್ರೂ ಗುಣ ಒಂದೇ."

"ಮತ್ತೆ ದ್ರಾಕ್ಷಿ?"

ಅವನು ಸ್ವಲ್ಪ ಯೋಚಿಸಿದ. "ದ್ರಾಕ್ಷಿ ಇಂಪ್ಯೂರಿಟಿ."

ಮನೆಯೊಳಗೆ ಹೇಗೋ ನಡೆಯುತ್ತಿತ್ತು. ಮದುವೆ ಊಟಗಳಲ್ಲಿ ಕಷ್ಟ. ನಮ್ಮ ಕಡೆ ಬೇಡ ಎಂದವರ ಎಲೆಗೇ ಎರಡು ಬೀಳುವುದು ರೂಢಿ. ಶಿವಮೊಗ್ಗದಲ್ಲಿ ನಮ್ಮ ನೆಂಟರ ಮದುವೆ. ತಮ್ಮನ ಹೆಂಡತಿ ಜಿಲೇಬಿಯ ಒಂದು ಸುತ್ತು ಮುರಿದು ಬಾಯಿಗಿಟ್ಟಳು. ಇವನು ಎಲೆಯ ಮೇಲೆ ಬಗ್ಗಿ ಉಳಿದ ಸುತ್ತುಗಳನ್ನು ಅಂದಾಜು ಮಾಡುತ್ತಿದ್ದ. ಅಷ್ಟರಲ್ಲಿ ಬಡಿಸುವವನು ಬಂದು ಅದರ ಮೇಲೆಯೇ ಇನ್ನೊಂದು ಜಿಲೇಬಿ ಬಿಟ್ಟ.

"ಅಯ್ಯೋ ಮಾರಾಯ, ಲೆಕ್ಕ ತಪ್ಪಿಸಿದ್ಯಲ್ಲೋ!"

"ಲೆಕ್ಕ ಹಾಕಿ ಬಡಿಸೋ ಮನೆ ಅಲ್ಲ ಯಜಮಾನ್ರೇ ಇದು. ತಗಳಿ!" ಎಂದು ಅವನು ಇವನ ಎಲೆಗೂ ಎರಡು ಹಾಕಿ ಮುಂದೆ ಹೋದ. ಪಕ್ಕದ ಎಲೆಯ ಹಿರಿಯರು ತಮ್ಮ ಜಿಲೇಬಿಯನ್ನು ಅಂಗೈಯಿಂದ ಮುಚ್ಚಿಕೊಂಡು ಊಟ ಮುಗಿಸಿದರು. ಯಾಕೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಕಣ್ಣಂದಾಜಿನ ಮೇಲೆ ಅವನಿಗೆ ನಂಬಿಕೆ ಹೋದದ್ದು ಅಂದೇ. ಅಡುಗೆಮನೆಯ ತಕ್ಕಡಿ ತಂದ. ಅದು ಚೂರುಪಾರುಗಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲ. ಮಾಚೇನಹಳ್ಳಿಯಲ್ಲಿ ಅವನ ಹಳೆಯ ಸಹೋದ್ಯೋಗಿಯೊಬ್ಬರ ವರ್ಕ್‌ಶಾಪಿದೆ. ಅಲ್ಲಿ ಸಣ್ಣ ಸಣ್ಣ ಬಿಡಿಭಾಗಗಳನ್ನು ತೂಗುವ ನಾಜೂಕಿನ ತಕ್ಕಡಿಯಿದೆ. ಹೆಂಡತಿ ಕಚ್ಚಿ ಬಿಟ್ಟ ಬೇಸನ್ ಲಾಡನ್ನು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು, ಬಸ್ಸು ಹತ್ತಿ, ಅಲ್ಲಿಗೆ ಹೋದ. ಡಬ್ಬಿಯ ಮುಚ್ಚಳ ತೆಗೆದಿಟ್ಟು, ಸಹೋದ್ಯೋಗಿಯನ್ನು ಹುಡುಕಿಕೊಂಡು ಒಳಗೆ ಹೋಗಿ ಬರುವಷ್ಟರಲ್ಲಿ ಲೇತ್ ಮೆಷಿನ್ನಿನ ಹಿರಿಯ ಕೆಲಸಗಾರರು ಲಾಡನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಿದ್ದರು.

"ಪ್ರಸಾದ ಅಂದ್ಕೊಂಡೆ ಸಾರ್. ಯಾವ ದೇವಸ್ಥಾನದ್ದು?"

ನನ್ನ ತಮ್ಮ ಏನು ಹೇಳಿಯಾನು? "ನಮ್ಮನೇದು" ಎಂದನಂತೆ. ಅವರು ಇನ್ನೊಮ್ಮೆ ಕೈಮುಗಿದರಂತೆ!

ಇಷ್ಟೆಲ್ಲ ಆದ ಮೇಲೆ ಡಾಕ್ಟರು ಹೇಳಿದ ದಿನ ಬಂತು. ನಾನೂ ಆಸ್ಪತ್ರೆಗೆ ಹೋಗಿದ್ದೆ, ಹೇಳಿದ ಹೊತ್ತಿಗಿಂತ ಮೊದಲೇ. ತಮ್ಮ ಮೊಬೈಲನ್ನು ಜಾತಕದಂತೆ ಹಿಡಿದು ಕೂತಿದ್ದ. ಆ್ಯಪಿನ ಪ್ರಕಾರ ಅವಳು ದುಂಡಗಾಗಿದ್ದಳು. ಎರಡನೆಯ ಆಪರೇಷನ್ನಿಗೆ ದಿನ ಗೊತ್ತುಮಾಡುವುದಷ್ಟೇ ಬಾಕಿ ಎಂದು ಅವನ ಖಾತ್ರಿ. ಅವಳು ತೂಕದ ಯಂತ್ರ ಹತ್ತಿದಳು. ಮುಳ್ಳು ಹೋದಸಲ ನಿಂತಲ್ಲೇ ನಿಂತಿತು. ಯಂತ್ರವೇ ಕೆಟ್ಟಿದೆ ಎಂದು ಇವನು ತಕರಾರು ತೆಗೆದು ತಾನೂ ಹತ್ತಿದ. ಯಂತ್ರ ಕೆಟ್ಟಿರಲಿಲ್ಲ. ಮುಳ್ಳು ಹೋದಸಲದ ಗೆರೆಯನ್ನು ದಾಟಿ ಧಾರಾಳವಾಗಿ ಮುಂದೆ ಹೋಯಿತು.

"ಮನೆಯ ಒಟ್ಟು ತೂಕವೇನೋ ಏರಿದೆ," ಎಂದರು ಡಾಕ್ಟರು. "ಆದ್ರೆ ಆಪರೇಷನ್ ನಿಮಗಲ್ವಲ್ಲ!"

ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಆಪರೇಷನ್ ಇನ್ನೊಂದು ತಿಂಗಳು ಮುಂದೆ ಹೋಯಿತು. ಅಷ್ಟರಲ್ಲೂ ಏರದಿದ್ದರೆ ಬೇರೆ ದಾರಿ ಯೋಚಿಸಬೇಕಾಗುತ್ತದೆ ಎಂದು ಡಾಕ್ಟರು ದನಿ ತಗ್ಗಿಸಿ ಹೇಳಿದರು.

ಅಂದು ಮಧ್ಯಾಹ್ನ ಶಿವಮೊಗ್ಗದಲ್ಲೇ, ರಾಗಿಗುಡ್ಡದ ನಮ್ಮ ಮನೆಯಲ್ಲಿ ಊಟ. ಇವರು ಬರುತ್ತಾರೆಂದು ನನ್ನ ಹೆಂಡತಿ ಹೋಳಿಗೆ ಮಾಡಿದ್ದಳು. ತಮ್ಮನ ಹೆಂಡತಿ ಎಂದಿನಂತೆ ನಾಲ್ಕು ತುತ್ತು ತಿಂದು ಸಾಕೆಂದಳು. ಇವನು ಅಭ್ಯಾಸಬಲದಿಂದ ಮೊಬೈಲ್ ತೆಗೆದು, "ಅರ್ಧ ಹೋಳಿಗೆ" ಎಂದು ಗೊಣಗಿಕೊಂಡ.

"ಅರ್ಧ ಎಲ್ಲಿಂದ ಬಂತೋ?" ಎಂದಳು ನನ್ನ ಹೆಂಡತಿ. "ಅವ್ಳು ತಿಂದಿರೋದು ಬರೀ ಅಂಚು. ಕಾಣಲ್ವಾ ನಿಂಗೆ?"

ಎಲ್ಲರೂ ತಟ್ಟೆ ನೋಡಿದೆವು. ಸುತ್ತಲಿನ ಬರಿಯ ಕಣಕ ಖಾಲಿಯಾಗಿತ್ತು. ನಡುವಿನ ಹೂರಣ ತುಂಬಿದ ಭಾಗ ದುಂಡಗೆ ಹಾಗೇ ಕೂತಿತ್ತು.

"ಯಾವಾಗಿಂದ ಹಿಂಗೆ?" ಎಂದ ತಮ್ಮ.

"ಯಾವಾಗಿಂದ ಅಂದ್ರೆ? ಮೊದಲಿಂದ್ಲೂ. ನಿಮಗೆ ಹೂರಣ ಇಷ್ಟ ಅಲ್ವಾ."

"ಬರ್ಫೀಲಿ?"

"ಗೋಡಂಬಿ ಇರೋ ಕಡೆ ಬಿಡ್ತೀನಿ."

"ಪಾಯಸದಲ್ಲಿ?"

"ಮೇಲಿನ ತಿಳಿ ನಾನು ಕುಡೀತೀನಿ. ಗಟ್ಟಿ ನಿಮಗೆ. ಅದರಲ್ಲಿ ಕೇಳೋದೇನ್ರೀ?"

ಸಾರಿಗೆ ಉಪ್ಪು ಹಾಕುತ್ತೀಯಾ ಎಂದು ಕೇಳಿದರೆ ಹೇಗೆ ಹೇಳುತ್ತಾರೋ ಹಾಗೆ ಹೇಳಿದಳು. ನನ್ನ ಹೆಂಡತಿ, "ಅಲ್ಲ ಮಾರಾಯ, ಜೀವಮಾನವೆಲ್ಲ ಸ್ಯಾಂಪಲ್ ತೆಗೆದವನು ನೀನು..." ಎಂದು ನಗಲು ಹೊರಟವಳು ಅವನ ಮುಖ ನೋಡಿ ಹೋಳಿಗೆಯ ಡಬ್ಬಿಯನ್ನು ಅವನತ್ತ ಸರಿಸಿದಳು.

ಅವನು ಮೊಬೈಲನ್ನು ಜೇಬಿಗಿಟ್ಟ. ಡಬ್ಬಿಯಿಂದ ಹೊಸ ಹೋಳಿಗೆಯೊಂದನ್ನು ತೆಗೆದುಕೊಂಡ. ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಾ ಅಳಿಲಿನ ಹಾಗೆ ಸುತ್ತಲೂ ಅಂಚನ್ನು ಕಡಿದ. ಬಹಳ ಹೊತ್ತು ಹಿಡಿಯಿತು. ಊಟಕ್ಕೆ ಹತ್ತು ನಿಮಿಷ ಮೀರಿದರೆ ಚಡಪಡಿಸುವ ನಾನು ಅಂದು ಗಡಿಯಾರ ನೋಡಲಿಲ್ಲ. ಕೊನೆಗೆ ಉಳಿದ ದುಂಡನೆಯ ಹೂರಣವನ್ನು ಅವಳ ತಟ್ಟೆಗಿಟ್ಟ.

"ಇದೇನ್ರೀ, ಭಾವನ ಮುಂದೆ ಮಗು ಥರ!"

"ತಿನ್ನು."

"ಮತ್ತೆ ನಿಮಗೆ?"

"ನಂಗೆ ಅಂಚೇ ಇಷ್ಟ," ಎಂದ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು.

ಅವಳು ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಲೆತಗ್ಗಿಸಿ, ನಿಧಾನವಾಗಿ, ಒಂದು ಚೂರೂ ಬಿಡದೆ ತಿಂದಳು. ಅಷ್ಟರಲ್ಲಿ ಅವನು ಎರಡನೆಯ ಹೋಳಿಗೆಯ ಅಂಚಿಗೆ ಬಾಯಿ ಹಚ್ಚಿದ್ದ.