ಗ್ರಹದ ಅಲೆ, ಗಂಗಕ್ಕನ ಬೀಗರು

ದೇವರು ನನಗೆ ಕಿವಿಯನ್ನು ಚೆನ್ನಾಗಿಯೇ ಕೊಟ್ಟಿದ್ದಾನೆ. ಕೇಳಿದ್ದು ತಲೆ ಮುಟ್ಟುವ ದಾರಿಯನ್ನು ಮಾತ್ರ ಅರ್ಧಕ್ಕೇ ಬಿಟ್ಟಿದ್ದಾನೆ. ರಜೆಗೆ ಹಾನಗಲ್ಲಿಗೆ ಬಂದ ಮಗಳು ಸುಧಾಳನ್ನು ಏನು ಓದುತ್ತೀಯೆಂದು ಕೇಳಿದೆ. "ಗ್ರಹದ ಅಲೆ, ಗಾಳಿಯ ಉಬ್ಬರವಿಳಿತ ಎರಡೂ ಮ್ಯಾಲೆ ಆಕಾಶದಾಗ ಕೂಡಿದ್ರ ಏನಾಗ್ತೈತಿ ಅಂತ ನೋಡಾಕತ್ತೇನಿ ಅವ್ವಾ" ಎಂದಳು. ನನಗೆ ದಕ್ಕಿದ್ದು 'ಗ್ರಹ' ಒಂದೇ. ಮಗಳು ಶನಿದೇವರ ಮೇಲೇ ಸಂಶೋಧನೆ ಮಾಡುತ್ತಿದ್ದಾಳೆಂದು ಸಂಜೆ ಗುಡಿಯಲ್ಲಿ ಭಕ್ತಿಯಿಂದ ಹೇಳಿಬಿಟ್ಟೆ.

ಮರುದಿನ ಪಕ್ಕದ ಮನೆಯ ಗಂಗಕ್ಕ ತನ್ನ ಮಗಳ ಜಾತಕ ಹಿಡಿದು ಬಂದಳು. ಹಿರೇಕೆರೂರಿನ ವರನ ಕಡೆಯವರು ಹುಡುಗಿಯನ್ನು ಒಪ್ಪಿ, ಆಮೇಲೆ ಗ್ರಹ ಅಡ್ಡ ಇದೆಯೆಂದು ಹಿಂದೆ ಜಗ್ಗುತ್ತಿದ್ದರು. ಸಂಬಂಧ ತಪ್ಪೀತೆಂದು ಗಂಗಕ್ಕನಿಗೆ ಊಟ ಸೇರುತ್ತಿರಲಿಲ್ಲ.

"ಯಾವ ಗ್ರಹ ಅಂತ ನೀನರ ಹೇಳವ್ವಾ ಸುಧಾ."

ಸುಧಾ ನನ್ನತ್ತ ನೋಡಿದ ನೋಟವನ್ನು ಬರೆಯುವುದು ಬೇಡ. "ಅಕ್ಕಾರ, ನಾ ನೋಡೂ ಗ್ರಹ ಅಂದ್ರ ಭೂಮಿ ಒಂದರೀ. ಭೂಮೀನ ಸುತ್ತುವಷ್ಟು ದೊಡ್ಡ ಅಲಿ, ಅದಕ್ಕ ಆ ಹೆಸರು. ಇತ್ಲಾಗ ದಿನಾ ಬಿಸಿಲಿಗೆ ಗಾಳಿ ಉಬ್ಬಿ ಇಳೀತೈತಿ. ಎರಡೂ ಕೂಡಿದ್ರ ಉಬ್ಬರ ಒಮ್ಮೆ ಹೆಚ್ಚು, ಒಮ್ಮೆ ಕಮ್ಮಿ. ನಡುವ ಹೊಸ ಅಲೀನೂ ಹುಟ್ತಾವ."

"ಅದಕ್ಕ ಅಷ್ಟು ದೂರ ಹೋಗಿ ಓದಬೇಕೇನ? ನಿಮ್ಮಪ್ಪ ದಿನಾ ಉಬ್ತಾರ, ಇಳೀತಾರ. ನಿಮ್ಮಜ್ಜಿ ತಿಳವಳ್ಳಿಯಿಂದ ಆಗೊಮ್ಮೆ ಈಗೊಮ್ಮೆ ಬರ್ತಾಳ. ಇಬ್ಬರೂ ಕೂಡಿದ್ರ ಗದ್ಲ ನಮ್ಮನಿತನಕ ಕೇಳ್ತೈತಿ" ಎಂದಳು ಗಂಗಕ್ಕ.

"ಹಂಗ ನೋಡ್ರಿ!" ಎಂದಳು ಸುಧಾ. ನಾನು ಚಹಾಕ್ಕೆ ನೀರಿಟ್ಟೆ.

ಗಂಗಕ್ಕ ಅಲ್ಲೇ ಕುಳಿತು, ಸ್ಪೀಕರ್ ಹಾಕಿ, ವರನ ತಾಯಿಗೆ ಫೋನ್ ಹಚ್ಚಿದಳು. "ಬೀಗರ, ಓದಿದಾಕಿನ್ನ ಕೇಳೇನ್ರಿ. ಇದರಾಗ ಇರೂದು ಭೂಮಿ ಒಂದ ಅಂತ್ರಿ."

"ಭೂಮಿ ಐತೇನ್ರಿ? ಮೊದಲ ಹೇಳೂದಲ್ಲೇನ್ರಿ! ಎಷ್ಟು ಎಕರೆ? ನೀರಾವರಿ ಏನು?"

ಗಂಗಕ್ಕ ಫೋನನ್ನು ಬಾಯಿಯ ಹತ್ತಿರ ತಂದಳು. "ಮತ್ತ ಗ್ರಹದ್ದು ಏನಾತ್ರೀ?"

"ಅಯ್ಯ, ಅದಕ್ಕೊಂದು ಶಾಂತಿ ಮಾಡ್ಸಿದ್ರ ಹೋತ್ರಿ!"

ಗಂಗಕ್ಕ ಫೋನ್ ಕಟ್ ಮಾಡಿದಳು. "ಇಂಥಾ ಆಸೆಬುರುಕರ ಮನಿ ಸೇರೂದು ತಪ್ಪಿತು. ಉಳದ್ಲವ್ವಾ ನನ್ನ ಮಗಳು" ಎಂದವಳೇ ಚಹಾದ ಜೊತೆ ನಾಲ್ಕು ರೊಟ್ಟಿಯನ್ನೂ ತಿಂದು ಎದ್ದಳು.

ಶನಿವಾರ ನವಗ್ರಹದ ಕಟ್ಟೆ ಸುತ್ತುವಾಗ, ಆ ಹುಡುಗಿಯನ್ನು ಕಾಯ್ದ ಗ್ರಹಕ್ಕೊಂದು ದೀಪ ಹಚ್ಚೋಣವೆಂದು ಹುಡುಕಿದೆ. ಒಂಬತ್ತರಲ್ಲಿ ಭೂಮಿಯೇ ಇಲ್ಲ! ಇಷ್ಟು ವರ್ಷ ಸುತ್ತಿದರೂ ನನಗಿದು ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ, ಅದರ ಮೇಲೇ ಕಾಲಿಟ್ಟು ಉಳಿದವರಿಗೆಲ್ಲ ಕೈಮುಗಿಯುತ್ತಿದ್ದೆನಲ್ಲ.