ಚಾಚಾರ ಗದ್ದ, ಚಾಚಿಯ ಎರಡು ಬೆರಳು

ನಮ್ಮ ಪಕ್ಕದ ಮನೆ ಚಾಚಾಗೆ ಒಂದು ರೂಢಿ. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡುತ್ತಾರೆ. ಬಸ್ಸು, ಟಂಟಂ, ಬೈಕು ಎಲ್ಲ ನುಗ್ಗಿ ಬರುವುದು ಬಲಗಡೆಯಿಂದ. ಆಗ ಚಾಚಿ ಎರಡೇ ಬೆರಳಲ್ಲಿ ಅವರ ಗದ್ದ ಹಿಡಿದು, ರೇಡಿಯೋ ಗುಂಡಿ ತಿರುವಿದಂತೆ ಬಲಕ್ಕೆ ತಿರುವುತ್ತಾರೆ. ಆಮೇಲೆ ಇಬ್ಬರೂ ದಾಟುತ್ತಾರೆ.

ತಪ್ಪು ಚಾಚಾರದಲ್ಲ. ಇಪ್ಪತ್ತು ವರ್ಷದಿಂದ ಅವರು ಸೌದಿಯಲ್ಲಿ ಸಿಟಿ ಬಸ್ಸು ಓಡಿಸುತ್ತಿದ್ದಾರೆ. ಅಲ್ಲಿ ಗಾಡಿಗಳು ರಸ್ತೆಯ ಬಲಬದಿಗೆ ಓಡುತ್ತವಂತೆ, ಹಾಗಾಗಿ ಮೊದಲು ನೋಡಬೇಕಾದ್ದು ಎಡಕ್ಕೆ. ಈಗ ಮೂರು ತಿಂಗಳ ರಜೆಗೆ ಹುಬ್ಬಳ್ಳಿಯ ನಮ್ಮ ಕೇಶ್ವಾಪುರಕ್ಕೆ ಬಂದಿದ್ದಾರೆ. ಮತ್ತೆ ಹೋಗಬೇಕೋ ಬೇಡವೋ ಎಂದು ಗಂಡ ಹೆಂಡತಿಗೆ ದಿನಾ ಜಗಳ, ಇನ್ನೂ ತೀರ್ಮಾನವಾಗಿಲ್ಲ. ಮನೆಯೊಳಗೆ ಅವರದು ಉರ್ದು. ಈ ಜಗಳ ಮಾತ್ರ ಕನ್ನಡದಲ್ಲಿ. ಸಾಕ್ಷಿಗೆ ಓಣಿ ಬೇಕಲ್ಲ!

ಧಾರವಾಡದಲ್ಲಿರುವ ಮಗಳ ಮನೆಗೆ ಅವರಿಬ್ಬರೂ ಆಗಾಗ ಹೋಗುತ್ತಾರೆ. ನಾನು ಕೋಚಿಂಗ್ ಕ್ಲಾಸಿಗೆ ಹೋಗುವುದೂ ಅದೇ ಬಸ್ಸಿಗೆ. ಹಾಗಾಗಿ ಇಂಥವು ಕಣ್ಣಿಗೆ ಬೀಳುತ್ತಲೇ ಇರುತ್ತವೆ.

೧. ಬಲಗಡೆ ಬಾಗಿಲು

ಬಂದ ಹೊಸದರಲ್ಲಿ ಒಂದು ದಿನ ಬಸ್ಸು ನಿಂತಿತು. ಎಲ್ಲರೂ ಎಡಗಡೆ ಬಾಗಿಲಿಂದ ಹತ್ತಿದೆವು. ಚಾಚಾ ಮಾತ್ರ ಸೌದಿಯ ರೂಢಿಯಂತೆ ಬಸ್ಸು ಸುತ್ತಿ ಬಲಕ್ಕೆ ಹೋಗಿ, ಅಲ್ಲಿದ್ದ ಒಂದೇ ಒಂದು ಬಾಗಿಲನ್ನು ಬಡಿದರು. ಡ್ರೈವರ್ ತಲೆ ಹೊರಗೆ ಹಾಕಿದ.

“ಚಾಚಾ, ಇದು ನನ್ನ ಬಾಗಿಲ ಐತ್ರಿ. ನನ್ನ ತೊಡೀ ಮ್ಯಾಲ ಕುಂಡ್ರತೀರೇನು?”

ಚಾಚಾ ತಕ್ಷಣ ಇಲ್ಲ ಅನ್ನಲಿಲ್ಲ. ಸ್ಟೇರಿಂಗ್ ಕಡೆ ಒಮ್ಮೆ ಆಸೆಯಿಂದ ನೋಡಿದರು.

ಈಗ ನಡುರಸ್ತೆಯ ನಿಲ್ದಾಣದಿಂದಲೇ ಹತ್ತುತ್ತಾರೆ. ರಸ್ತೆ ನಡುವೆಯೇ ಓಡುವ ಆ ಬಸ್ಸುಗಳಿಗೆ ಬಾಗಿಲು ಬಲಗಡೆಗೇ ಇರುತ್ತದೆ.

೨. ಬೈಯಲು ಯಾರೂ ಇಲ್ಲ

ಒಂದು ಸಲ ಬಸ್ಸಿನಲ್ಲಿ ಚಾಚಾರ ಪಕ್ಕ ಒಬ್ಬ ಅಜ್ಜ ಕೂತಿದ್ದ. ಅಮರಗೋಳದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರವಂತೆ.

“ನಾವು ಇರೋ ಊರಾಗ ಈಗ ರೈಲು ಬಂದಾವ್ರಿ. ಡ್ರೈವರ್ ಇಲ್ಲ, ಕಂಡಕ್ಟರ್ ಇಲ್ಲ. ತಾನ ಓಡತಾವ,” ಎಂದರು ಚಾಚಾ.

“ಎಮ್ಮಿ ಅಡ್ಡ ಬಂದ್ರ?”

“ಬರಂಗಿಲ್ರಿ.”

“ಮಂದಿ ಓಡಿ ಬಂದು ಕೈ ಮಾಡಿದ್ರ?”

“ನಿಲ್ಲಂಗಿಲ್ರಿ.”

“ತಡಾ ಆದ್ರ ಯಾರಿಗೆ ಬೈತಾರ?”

“ತಡಾನ ಆಗಂಗಿಲ್ರಿ.”

ಅಜ್ಜ ನವನಗರ ದಾಟುವವರೆಗೂ ಯೋಚನೆ ಮಾಡಿದ. ಆಮೇಲೆ ನಿಟ್ಟುಸಿರು ಬಿಟ್ಟ.

“ಪಾಪ. ಆ ಮಂದಿಗೆ ಟೈಮ್ ಹೆಂಗ ಹೋಗತೈತೋ ಏನೋ!”

೩. ದಸ್ತಿ

ಇದು ಚಾಚಿಯೇ ಹೇಳಿದ್ದು. ಹೋದ ಚಳಿಗಾಲದಲ್ಲಿ ಒಂದು ತಿಂಗಳು ಅವರೂ ಅಲ್ಲಿಗೆ ಹೋಗಿದ್ದರು. ಆ ಡ್ರೈವರ್ ಇಲ್ಲದ ರೈಲು ಹತ್ತಲು ನಿಂತಾಗ ಮುಂದೆ ಭಾರೀ ಗದ್ದಲ. ಬಾಗಿಲು ತೆರೆದದ್ದೇ ತಡ, ಚಾಚಿ ನಮ್ಮ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ ಪದ್ಧತಿಯಂತೆ, ಮುಂದಿದ್ದವರ ಹೆಗಲ ಮೇಲಿಂದ ತಮ್ಮ ದಸ್ತಿಯನ್ನು, ಅಂದರೆ ಕರವಸ್ತ್ರವನ್ನು, ಗುರಿಯಿಟ್ಟು ಸೀಟಿನ ಮೇಲೆ ಒಗೆದರು. ಸೀಟು ಹಿಡಿದಾಯಿತು. ಆದರೆ ಇವರು ಒಳಗೆ ಹೋಗುವಷ್ಟರಲ್ಲಿ ಬಾಗಿಲು ಮುಚ್ಚಿತು. ದಸ್ತಿಯೊಂದೇ ಕಿಟಕಿ ಪಕ್ಕ ಆರಾಮಾಗಿ ಕೂತು ಹೊರಟಿತು.

ಚಾಚಿ ಬಿಡಲಿಲ್ಲ. ಕಳೆದ ವಸ್ತುಗಳ ಕಚೇರಿಗೆ ಚಾಚಾರನ್ನು ಎಳೆದುಕೊಂಡು ಹೋದರು. ಅಲ್ಲಿಯ ಹುಡುಗಿ ಫಾರಂ ತೆಗೆದು, ಏನೇನು ಕಳೆದಿದೆ ಅಂತ ಕೇಳಿದಳು. ಚಾಚಿ ಗಂಡನಿಗೆ ಹೇಳಿದರು:

“ಬರಸ್ರಿ. ಒಂದು ದಸ್ತಿ, ಒಂದು ಸೀಟು.”

೪. ಡಿಯರ್ ಸರ್

ಮೊನ್ನೆ ಬೆಳಿಗ್ಗೆ ಚಾಚಾರ ಫೋನಿಗೆ ಸೌದಿಯಿಂದ ಮೆಸೇಜು ಬಂತು. ಕೆಲಸಕ್ಕೆ ವಾಪಸ್ ಬರುತ್ತೀರೋ ಇಲ್ಲವೋ, ಇವತ್ತೇ ತಿಳಿಸಿ ಅಂತ, ಇಂಗ್ಲಿಷಿನಲ್ಲಿ. ನಿಲ್ದಾಣಕ್ಕೆ ದಾಟಲು ರಸ್ತೆ ಅಂಚಿನಲ್ಲಿ ನಿಂತಿದ್ದೆವು. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ ಅಂತ ಫೋನು ನನ್ನ ಕೈಗೆ ಬಂತು.

“ಬರತೇನಿ ಅಂತ ಬರಿ ಬೇಟಾ,” ಎಂದರು ಚಾಚಾ.

“ಬರಂಗಿಲ್ಲ ಅಂತ ಬರಿಯವಾ,” ಎಂದರು ಚಾಚಿ.

ನಾನು ‘ಡಿಯರ್ ಸರ್’ ಅಂತ ಬರೆದೆ. ಅದಕ್ಕೆ ಇಬ್ಬರ ತಕರಾರೂ ಇರಲಿಲ್ಲ.

“ನಾ ಇಲ್ಲಂದ್ರ ಅಲ್ಲಿ ಬಸ್ಸು ಯಾರು ಓಡಸ್ತಾರ?”

“ರೈಲು ಯಾರು ಓಡಸಾಕತ್ತಾರ? ಅದರಂಗ ಬಸ್ಸೂ ಕಲೀತಾವ ಬಿಡ್ರಿ. ರಸ್ತಾ ದಾಟೂದು ಕಲೀಲಾರದವರು ನೀವೊಬ್ಬರ. ಅಲ್ಲಿ ನಿಮ್ಮ ಗದ್ದಾ ತಿರಗಸಾಕ ಯಾರದಾರ?”

“ಅಲ್ಲಿ ತಿರಗಸೂದು ಬೇಕಾಗಂಗಿಲ್ಲ,” ಎಂದರು ಚಾಚಾ, ಗೆದ್ದವರ ಹಾಗೆ.

ಚಾಚಿ ಚೀಲವನ್ನು ಎದೆಗೆ ಅವಚಿಕೊಂಡರು.

“ಅದಕ್ಕನ ಹೋಗಬ್ಯಾಡ್ರಿ ಅನ್ನಾಕತ್ತೇನಿ.”

ಚಾಚಾ ದಾಟಲೆಂದು ಎಡಕ್ಕೆ ನೋಡಿದರು. ಚಾಚಿಯ ಎರಡೂ ಕೈ ಚೀಲದ ಮೇಲೆಯೇ ಇದ್ದವು. ಒಂದು ಬಸ್ಸು ಹೋಯಿತು. ಇನ್ನೊಂದೂ ಹೋಯಿತು. ಚಾಚಾ ಎಡಕ್ಕೇ ನೋಡುತ್ತ ನಿಂತಿದ್ದರು. ಒಬ್ಬ ಟಂಟಂನವನು ನಿಧಾನ ಮಾಡಿ, “ಆ ಕಡೆ ಏನೈತ್ರಿ ಚಾಚಾ?” ಅಂತ ತಾನೂ ಬಗ್ಗಿ ನೋಡಿ ಹೋದ.

ನನ್ನ ಬೆರಳು ‘ಡಿಯರ್ ಸರ್’ ಮುಂದೆಯೇ ನಿಂತಿತ್ತು.

ಕೊನೆಗೆ ಚಾಚಾ, ಎಡಕ್ಕೆ ನೋಡುತ್ತಲೇ, ಗದ್ದವನ್ನು ಚೂರು ಚಾಚಿಯ ಕಡೆ ಮುಂದೆ ಮಾಡಿದರು.

“ಏ, ಕೇಳಸ್ತೇನು? ಒಂದೀಟು ತಿರಗಸು.”